ದೂರಿನಲ್ಲಿ ಕುದುರೆಯ ಬಗ್ಗೆ ಬರೆಯಿರಿ, ಮಾಲೀಕನ ಬಗ್ಗೆ ಅಲ್ಲ

ಕಳೆದ ವರ್ಷದ ಬೇಸಿಗೆಯಲ್ಲಿ ಒಂದೇ ಬಿಳಿ ಕುದುರೆಯ ಬಗ್ಗೆ ಎರಡು ದೂರುಗಳು ಪಶು ಆಸ್ಪತ್ರೆಯಲ್ಲಿ ವೈದ್ಯ ಕೆಲಸದಲ್ಲಿರುವ ನನ್ನ ಮೇಜಿಗೆ ಬಂದವು. ಮೊದಲನೆಯದು ಎರಡು ಪುಟಗಳ ಟೈಪ್ ಮಾಡಿದ ಪತ್ರ. ಮಾಲೀಕನನ್ನು ರಾಕ್ಷಸ ಎಂದು ಕರೆದು, ಅವನಿಗೆ ಯಾವ ಯಾವ ಶಿಕ್ಷೆ ಆಗಬೇಕೆಂದು ವಿವರವಾಗಿ ಬರೆದಿದ್ದ ಆ ಪತ್ರದಲ್ಲಿ ಕುದುರೆ ಎಲ್ಲಿದೆ ಎಂಬುದಕ್ಕೆ ‘ನಮ್ಮ ಬಡಾವಣೆಯ ಹತ್ತಿರ’ ಎಂಬ ಮೂರು ಪದಗಳಷ್ಟೇ ಇದ್ದವು. ಎರಡನೆಯದನ್ನು ನಿವೃತ್ತ ಶಾಲಾ ಮೇಷ್ಟ್ರೊಬ್ಬರು ನೋಟ್‌ಪುಸ್ತಕದ ಹಾಳೆಯಲ್ಲಿ ಬರೆದಿದ್ದರು. ‘ಏಪ್ರಿಲ್ 4, ಬೆಳಿಗ್ಗೆ 7. ಕೆರೆ ಏರಿಯ ಕೆಳಗೆ, ಪಂಪ್‌ಹೌಸ್ ಪಕ್ಕ. ಮುಂಗಾಲು ಎರಡನ್ನೂ ನೈಲಾನ್ ಹಗ್ಗದಿಂದ ಕಟ್ಟಿದೆ. ಹಗ್ಗದ ಕೆಳಗೆ ಗಾಯ, ನೊಣ ಮುತ್ತಿವೆ. ನೀರಿಲ್ಲ. ಏಪ್ರಿಲ್ 6, ಸಂಜೆ. ಅದೇ ಜಾಗ. ಬಲ ಹಿಂಗಾಲು ಊರುತ್ತಿಲ್ಲ.’ ಹೀಗೆ ಐದು ದಿನಗಳ ಟಿಪ್ಪಣಿ. ಆ ಕುದುರೆಯನ್ನು ಅಲ್ಲಿಂದ ತರಲು ನೆರವಾದದ್ದು ಈ ಹಾಳೆ.

ಇದಕ್ಕೆ ಕಾರಣ ಕಾನೂನಿನ ರಚನೆಯಲ್ಲೇ ಇದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 11ನೇ ಕಲಮು ಮಾಲೀಕ ಎಂಥ ಮನುಷ್ಯ ಎಂದು ಕೇಳುವುದಿಲ್ಲ. ಪ್ರಾಣಿಗೆ ಏನಾಗಿದೆ ಎಂದು ಕೇಳುತ್ತದೆ. ವಯಸ್ಸು, ರೋಗ, ಗಾಯ ಅಥವಾ ಹುಣ್ಣಿನಿಂದ ಕೆಲಸಕ್ಕೆ ಬಾರದ ಪ್ರಾಣಿಯನ್ನು ದುಡಿಸುವುದು, ಸಾಕಷ್ಟು ಮೇವು, ನೀರು, ನೆರಳು ಒದಗಿಸದಿರುವುದು, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಸಕಾರಣವಿಲ್ಲದೆ ಬಿಟ್ಟುಹೋಗುವುದು, ಇವು ಅಲ್ಲಿ ಬೇರೆ ಬೇರೆ ಉಪಕಲಮುಗಳು. ನಿಮ್ಮ ದೂರಿನ ಒಂದೊಂದು ವಾಕ್ಯವೂ ಇವುಗಳಲ್ಲಿ ಒಂದಕ್ಕೆ ಹೊಂದಿಕೊಳ್ಳುವಂತಿದ್ದರೆ ಠಾಣೆಯ ಬರಹಗಾರರಿಗೂ ಕೆಲಸ ಸುಲಭ.

ಶಿಕ್ಷೆಯ ಬಗ್ಗೆ ಮಾತ್ರ ಭ್ರಮೆ ಬೇಡ. ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ. ದಶಕಗಳ ಹಿಂದೆ ಬರೆದ ಮೊತ್ತ ಇವತ್ತಿಗೂ ಹಾಗೆಯೇ ಇದೆ; ಒಂದು ಜೊತೆ ಲಾಳ ಕಟ್ಟಿಸಲೂ ಅದು ಸಾಲದು. ಅಲ್ಲದೆ ಮೇಲೆ ಹೇಳಿದ ಅಪರಾಧಗಳೆಲ್ಲ ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ‘ಎನ್‌ಸಿಆರ್ ಮಾಡಿಕೊಂಡಿದ್ದೇವೆ’ (ಅಸಂಜ್ಞೇಯ ಅಪರಾಧದ ವರದಿ) ಎಂದು ಠಾಣೆಯವರು ಹೇಳಿದಾಗ ಅವರು ಜಾರಿಕೊಳ್ಳುತ್ತಿದ್ದಾರೆ ಎಂದೇ ತಿಳಿಯಬೇಕಿಲ್ಲ.

ಆದರೆ ಅನೇಕರಿಗೆ ಗೊತ್ತಿರದ 34ನೇ ಕಲಮು ಒಂದಿದೆ. ಕಾನ್‌ಸ್ಟೇಬಲ್‌ಗಿಂತ ಮೇಲಿನ ದರ್ಜೆಯ ಯಾವ ಪೊಲೀಸ್ ಅಧಿಕಾರಿಯೇ ಆಗಲಿ, ಈ ಕಾಯ್ದೆಯಡಿ ಅಪರಾಧ ನಡೆದಿದೆ ಎಂದು ನಂಬಲು ಕಾರಣವಿದ್ದರೆ, ಪ್ರಾಣಿಯನ್ನು ವಶಕ್ಕೆ ಪಡೆದು ಹತ್ತಿರದ ಮ್ಯಾಜಿಸ್ಟ್ರೇಟರ ಅಥವಾ ಪಶುವೈದ್ಯಾಧಿಕಾರಿಯ ಮುಂದೆ ಪರೀಕ್ಷೆಗೆ ಹಾಜರುಪಡಿಸಬಹುದು. ನರಳುತ್ತಿರುವ ಕುದುರೆಗೆ ಬೇಕಾದದ್ದು ಮೊದಲು ಇದು. ಆದ್ದರಿಂದ ದೂರಿನ ಕೊನೆಯಲ್ಲಿ ‘ಕಠಿಣ ಕ್ರಮ ಕೈಗೊಳ್ಳಿ’ ಎಂದು ಬರೆಯುವ ಬದಲು, ‘34ನೇ ಕಲಮಿನಡಿ ಕುದುರೆಯನ್ನು ಪಶುವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕೆಂದು ಕೋರುತ್ತೇನೆ’ ಎಂದು ಬರೆಯಿರಿ. ಕಾಲು ಮುರಿದಿದ್ದರೆ, ವಿಷವಿಟ್ಟಿದ್ದರೆ ವಿಷಯ ಬೇರೆ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು ಪ್ರಾಣಿಯನ್ನು ಕೊಲ್ಲುವುದಕ್ಕೆ, ಅಂಗಹೀನಗೊಳಿಸುವುದಕ್ಕೆ ಐದು ವರ್ಷದವರೆಗಿನ ಸೆರೆ ವಿಧಿಸುತ್ತದೆ. ಇನ್ನೊಂದು ಮಾತನ್ನೂ ಗುರುತು ಹಾಕಿಕೊಳ್ಳಿ: ಕಾಯ್ದೆಯ 36ನೇ ಕಲಮಿನ ಪ್ರಕಾರ ಅಪರಾಧ ನಡೆದ ಮೂರು ತಿಂಗಳ ನಂತರ ಮೊಕದ್ದಮೆ ಹೂಡಲು ಬರುವುದಿಲ್ಲ. ದಿನಾಂಕವಿಲ್ಲದ ವಿಡಿಯೊ ಹತ್ತು ಗುಂಪುಗಳಲ್ಲಿ ಸುತ್ತಾಡಿ ನಮ್ಮ ಕೈಗೆ ಬರುವ ಹೊತ್ತಿಗೆ ಈ ಗಡುವು ಮುಗಿದದ್ದನ್ನು ನಾನು ನೋಡಿದ್ದೇನೆ.

ಹಾಗಾದರೆ ಏನನ್ನು ನೋಡಬೇಕು? ಪಕ್ಕೆಲುಬು ಕಂಡ ಮಾತ್ರಕ್ಕೆ ಉಪವಾಸ ಎಂದು ತೀರ್ಮಾನಿಸಬೇಡಿ. ಓಟಕ್ಕೆ ಪಳಗಿಸಿದ ಆರೋಗ್ಯವಂತ ಕುದುರೆಯಲ್ಲೂ ಪಕ್ಕೆಲುಬು ತುಸು ಕಾಣುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಹೆನ್ನೆಕೆ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ 1ರಿಂದ 9ರವರೆಗಿನ ದೇಹಸ್ಥಿತಿ ಅಂಕವನ್ನು ನಾವು ಪ್ರಮಾಣಪತ್ರದಲ್ಲಿ ಬರೆಯುತ್ತೇವೆ. ಅದರಲ್ಲಿ ಕತ್ತು, ಹೆಗಲ ದಿಣ್ಣೆ, ಭುಜದ ಹಿಂಭಾಗ, ಪಕ್ಕೆ, ಬೆನ್ನು, ಬಾಲದ ಬುಡ ಎಂಬ ಆರು ಕಡೆ ಕೈಯಿಟ್ಟು ಕೊಬ್ಬನ್ನು ಅಳೆಯಲಾಗುತ್ತದೆ. ಬೆನ್ನುಮೂಳೆ ಗರಗಸದಂತೆ ಎದ್ದು, ಬಾಲದ ಬುಡದ ಎರಡೂ ಬದಿ ಗುಳಿಬಿದ್ದಿದ್ದರೆ ಅದು ಒಂದರ ಅಥವಾ ಎರಡರ ಅಂಕ, ಅಂದರೆ ತೀರಾ ಸೊರಗಿದ ಸ್ಥಿತಿ. ನೀವು ಅಂಕ ಕೊಡುವುದು ಬೇಡ. ಪಕ್ಕದಿಂದ ಒಂದು, ಹಿಂದಿನಿಂದ ಒಂದು, ನಾಲ್ಕೂ ಗೊರಸುಗಳದ್ದು ಒಂದೊಂದು ಫೋಟೊ ತೆಗೆದರೆ ಸಾಕು. ಗೊರಸಿನ ಫೋಟೊ ಮರೆಯಬೇಡಿ. ಹೊಟ್ಟೆ ಒಂದು ವಾರದಲ್ಲೂ ಒಳಸರಿಯಬಹುದು, ಆದರೆ ಚಪ್ಪಲಿಯ ಮೂತಿಯಂತೆ ಮೇಲಕ್ಕೆ ತಿರುಗಿ ಬೆಳೆದ ಗೊರಸು ತಿಂಗಳುಗಳ ಅಲಕ್ಷ್ಯವನ್ನು ಹೇಳುತ್ತದೆ, ಮತ್ತು ಅದನ್ನು ‘ನಿನ್ನೆ ಜ್ವರ ಬಂದಿತ್ತು ಸಾರ್’ ಎಂಬ ಸಬೂಬಿನಿಂದ ಮುಚ್ಚಲು ಆಗುವುದಿಲ್ಲ.

ಮಾಲೀಕನ ಕಡೆಯ ಮಾತೂ ಇದೆ. ಮುಂಗಾಲು ಕಟ್ಟಿ ರಾತ್ರಿ ಮೇಯಲು ಬಿಡುವುದು ಜಟಕಾದವರಲ್ಲಿ, ಮದುವೆ ಮೆರವಣಿಗೆಗೆ ಕುದುರೆ ಇಟ್ಟವರಲ್ಲಿ ಹಳೆಯ ರೂಢಿ. ಅದನ್ನು ನಾನು ಒಪ್ಪುವುದಿಲ್ಲ, ಆದರೆ ಹಾಗೆ ಕಂಡ ಕುದುರೆಯೆಲ್ಲ ಬಿಟ್ಟುಹೋದದ್ದಲ್ಲ. ಮುದಿ ಕುದುರೆಯ ದವಡೆ ಹಲ್ಲು ಸವೆದು ಮೊನಚಾದರೆ ಮೇವು ಎಷ್ಟು ಹಾಕಿದರೂ ಅರ್ಧ ಅಗಿದ ಹುಲ್ಲಿನ ಉಂಡೆಗಳನ್ನು ಕೆಳಗೆ ಉಗುಳಿ ಅದು ಸೊರಗುತ್ತದೆ. ಆ ಬಿಳಿ ಕುದುರೆಯ ಮಾಲೀಕ ನನ್ನೆದುರು ನಿಂತು, ‘ಡಾಕ್ಟ್ರೇ, ಸೀಸನ್ ಮುಗೀತು, ಕುಂಟೋ ಕುದುರೆ ಯಾರೂ ಬಾಡಿಗೆಗೆ ಕೇಳಲ್ಲ, ಯಾರಿಗೆ ಕೊಡ್ಬೇಕು ಅಂತ್ಲೂ ಗೊತ್ತಾಗ್ಲಿಲ್ಲ’ ಎಂದ. ಅವನು ಮಾಡಿದ್ದು ತಪ್ಪು. ಅವನ ಪ್ರಶ್ನೆ ತಪ್ಪಲ್ಲ. ಸಾಕಲಾಗದವರು ಪಶು ಆಸ್ಪತ್ರೆಗೆ ಬಂದು ಹೇಳಿದರೆ, ಕುದುರೆಯನ್ನು ಬರಹದ ಮೂಲಕ ಆಶ್ರಯತಾಣಕ್ಕೆ ಒಪ್ಪಿಸುವ ದಾರಿ ಹುಡುಕಬಹುದು.

ಕರುಣೆಯಿಂದಲೇ ಆಗುವ ಅನಾಹುತಗಳಲ್ಲಿ ಮೊದಲನೆಯದು ಹುರುಳಿ. ಬಹಳ ದಿನ ಉಪವಾಸವಿದ್ದ ಕುದುರೆಯ ಮುಂದೆ ಬಕೆಟ್‌ಗಟ್ಟಲೆ ಬೇಯಿಸಿದ ಹುರುಳಿಯನ್ನೋ ಬೂಸಾವನ್ನೋ ಇಟ್ಟರೆ ಹೊಟ್ಟೆಶೂಲೆ ಬರಬಹುದು, ರಕ್ತದ ಲವಣಗಳು ಏರುಪೇರಾಗಿ ತಿನ್ನಲು ಶುರುಮಾಡಿದ ಮೊದಲ ಹತ್ತು ದಿನಗಳಲ್ಲೇ ಅದು ಸಾಯಲೂಬಹುದು. ಅದಕ್ಕೆ ನೀರು ಕೊಡಿ, ವೈದ್ಯರು ಬರುವವರೆಗೆ ಒಂದೆರಡು ಹಿಡಿ ಒಣಹುಲ್ಲು ಕೊಡಿ. ಮುಂದೆ ಕುದುರೆಮೆಂತೆಯ ಒಣಮೇವನ್ನು ದಿನಕ್ಕೆ ಹಲವು ಸಲ ಸ್ವಲ್ಪಸ್ವಲ್ಪವೇ ಕೊಟ್ಟು ಏರಿಸುತ್ತೇವೆ. ಎರಡನೆಯದು, ಮೂಗಿನಿಂದ ಗಟ್ಟಿ ಸಿಂಬಳ ಸುರಿಯುತ್ತಿದ್ದರೆ ಅಥವಾ ಕಾಲಿನ ಮೇಲೆ ಸಾಲುಸಾಲಾಗಿ ಗಂಟುಗಳೆದ್ದು ಒಡೆದಿದ್ದರೆ ಮುಟ್ಟಬೇಡಿ. ಅದು ಗ್ಲ್ಯಾಂಡರ್ಸ್ ಆಗಿರಬಹುದು; ಮನುಷ್ಯರಿಗೂ ಹರಡುವ, ಇಲಾಖೆಗೆ ತಿಳಿಸಲೇಬೇಕಾದ ರೋಗ ಅದು. ಮೂರನೆಯದು, ಹಗ್ಗ ಬಿಚ್ಚಿ ಕುದುರೆಯನ್ನು ನಿಮ್ಮ ಮನೆಗೆ ಹೊಡೆದುಕೊಂಡು ಹೋಗಬೇಡಿ. ಮರುದಿನ ಕಳ್ಳತನದ ದೂರು ನಿಮ್ಮ ಮೇಲೆಯೇ ದಾಖಲಾದೀತು.

ಕುದುರೆ ಬಿದ್ದುಕೊಂಡಿದ್ದರೆ ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962, ಹೊಡೆತ ಬಡಿತ ಕಣ್ಣೆದುರಿಗೇ ನಡೆಯುತ್ತಿದ್ದರೆ 112. ಲಿಖಿತ ದೂರನ್ನು ಠಾಣೆಗೆ ಕೊಟ್ಟು, ಪ್ರತಿಗಳನ್ನು ತಾಲ್ಲೂಕು ಪಶು ಆಸ್ಪತ್ರೆಗೂ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೂ ತಲುಪಿಸಿ. ಇದೇ ಕಾಯ್ದೆಯಡಿಯ 2001ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಇಂಥದೊಂದು ಸಂಘ ಇರಲೇಬೇಕು. ಸ್ವೀಕೃತಿ ಪಡೆಯದೆ ಎದ್ದು ಬರಬೇಡಿ; ಕ್ರಮ ಕೈಗೊಳ್ಳಲಾಗದು ಎಂದರೆ ಅದನ್ನು ಹಿಂಬರಹದಲ್ಲಿ ಕೊಡುವಂತೆ ಕೇಳಿ.

ವಶಪಡಿಸಿಕೊಂಡ ಪ್ರಾಣಿ ಮೊಕದ್ದಮೆ ಮುಗಿಯುವವರೆಗೆ ಎಲ್ಲಿರಬೇಕು, ಖರ್ಚು ಯಾರದ್ದು ಎಂಬುದನ್ನು ಅದೇ ಕಾಯ್ದೆಯಡಿಯ 2017ರ ನಿಯಮಗಳು ಹೇಳುತ್ತವೆ: ಆಶ್ರಯತಾಣದಲ್ಲಿ ಇಡಬಹುದು, ಸಾರಿಗೆ, ಚಿಕಿತ್ಸೆ ಮತ್ತು ಮೇವಿನ ವೆಚ್ಚಕ್ಕೆ ಮಾಲೀಕ ಮುಚ್ಚಳಿಕೆ ಬರೆದುಕೊಡಬೇಕು. ಬಿಳಿ ಕುದುರೆ ಹಾಗೆಯೇ ಒಂದು ಆಶ್ರಯತಾಣ ಸೇರಿತು. ಹಗ್ಗ ಚರ್ಮದೊಳಕ್ಕೆ ಇಳಿದಿದ್ದ ಕಡೆ ಕೂದಲು ಬೆಳೆಯಲಿಲ್ಲ. ಹಿಂಗಾಲಿನ ಕುಂಟು ಅರ್ಧ ವಾಸಿಯಾಯಿತು. ಪ್ರಕರಣದಲ್ಲಿ ಸಾಕ್ಷಿ ಹೇಳಲು ಮೇಷ್ಟ್ರನ್ನೂ ನನ್ನನ್ನೂ ಕರೆದಾಗ ಏಳು ತಿಂಗಳು ಕಳೆದಿತ್ತು. ನಾನು ಆಸ್ಪತ್ರೆಯ ಕಡತ ಹಿಡಿದು ಹೋಗಿದ್ದೆ. ಮೇಷ್ಟ್ರು ಹಾಳೆ ಹರಿದಿದ್ದ ಆ ನೋಟ್‌ಪುಸ್ತಕವನ್ನೇ ತಂದಿದ್ದರು.