ಪದ ಪರಿಚಯ: ಆಟೊಮ್ಯಾಟಿಸಿಟಿ

ಊಟ ಮುಗಿದ ಮೇಲೆ ಎಲೆ ಅಡಿಕೆ ಹಾಕುವವರು ಅದಕ್ಕೆಂದು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳುವುದಿಲ್ಲ. ಇವತ್ತು ಹಾಕಲೋ ಬೇಡವೋ ಎಂದು ಯೋಚಿಸುವುದೂ ಇಲ್ಲ. ಕೈ ತೊಳೆದು ಬಂದು ಕೂತರೆ ಸಾಕು, ಕೈ ತಾನಾಗಿ ಎಲೆ ತಟ್ಟೆಯ ಕಡೆ ಹೋಗುತ್ತದೆ. ಹೀಗೆ ಮನಸ್ಸು ಗಟ್ಟಿ ಮಾಡಿಕೊಳ್ಳುವ ಗೋಜೇ ಇಲ್ಲದೆ ಕೆಲಸ ಶುರುವಾಗುವುದನ್ನು ಮನಶ್ಶಾಸ್ತ್ರದವರು ‘ಆಟೊಮ್ಯಾಟಿಸಿಟಿ’ ಎನ್ನುತ್ತಾರೆ. ಒಂದು ಕೆಲಸ ರೂಢಿಗೆ ಬಂದಿದೆಯೋ ಇಲ್ಲವೋ ಎಂದು ಅವರು ಅಳೆಯುವುದು ಇದರಿಂದಲೇ.

ಆರು ತಿಂಗಳಿಂದ ದಿನಾ ವಾಕಿಂಗ್ ಹೋಗುತ್ತಿದ್ದೀರಿ ಅಂದುಕೊಳ್ಳಿ. ಆದರೆ ಪ್ರತಿ ಬೆಳಗ್ಗೆ ಹಾಸಿಗೆಯಲ್ಲಿ ನಿಮ್ಮ ಜೊತೆ ನೀವೇ ಜಗಳವಾಡಿ ಏಳುತ್ತಿದ್ದರೆ ಅದು ಶಿಸ್ತು. ಮೆಚ್ಚಬೇಕಾದದ್ದೇ, ಆದರೆ ರೂಢಿ ಇನ್ನೂ ಆಗಿಲ್ಲ. 2003ರಲ್ಲಿ ಬಾಸ್ ವರ್ಪ್ಲಾಂಕನ್ ಮತ್ತು ಶೀನಾ ಆರ್ಬೆಲ್ ಎಂಬ ಮನಶ್ಶಾಸ್ತ್ರಜ್ಞರು ರೂಢಿಯನ್ನು ಅಳೆಯಲು 12 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಮಾಡುತ್ತಿದ್ದೇನೆ ಎಂದು ಗೊತ್ತಾಗುವ ಮೊದಲೇ ಶುರು ಮಾಡಿರುತ್ತೀರಾ? ಮಾಡದಿದ್ದರೆ ಏನೋ ಒಂಥರಾ ಅನ್ನಿಸುತ್ತದಾ? ಹೀಗೆ ಸಾಗುತ್ತದೆ ಆ ಪಟ್ಟಿ.

ಹಾಗಾದರೆ ಇದಕ್ಕೆ ಎಷ್ಟು ದಿನ ಬೇಕು? 21 ದಿನ ಎಂದು ಎಲ್ಲರೂ ಹೇಳುತ್ತಾರೆ. ಆ ಲೆಕ್ಕದ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಮುಖಕ್ಕೆ ಆಪರೇಷನ್ ಮಾಡಿಸಿಕೊಂಡವರಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ ಸುಮಾರು 21 ದಿನ ಬೇಕು ಎಂದು ಆತ ಗಮನಿಸಿದ್ದ. ವ್ಯಾಯಾಮ, ನಿದ್ದೆ, ನೀರು ಕುಡಿಯುವುದು, ಇದ್ಯಾವುದನ್ನೂ ಅಳೆದು ಹೇಳಿದ ಮಾತಲ್ಲ ಅದು. ಬಾಯಿಂದ ಬಾಯಿಗೆ ಹೋಗುತ್ತಾ ‘ಕನಿಷ್ಠ’ ಅನ್ನುವ ಪದವೂ ಉದುರಿಹೋಯಿತು. (ನಮ್ಮ ವ್ರತಗಳಲ್ಲಿ 48 ದಿನದ ಮಂಡಲದ ಲೆಕ್ಕ ಇದೆ. ಕಾಲಾವಧಿಯ ಮಟ್ಟಿಗೆ ಅದೇ ವಾಸಿ ಅನ್ನಿಸುತ್ತದೆ!)

ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು. ಅವರ ಪ್ರಬಂಧ 2010ರಲ್ಲಿ ಅಚ್ಚಾಯಿತು. 96 ಜನ ತಮಗೆ ಬೇಕಾದ ಒಂದೊಂದು ಕೆಲಸ ಆರಿಸಿಕೊಂಡರು. ಊಟದ ಜೊತೆ ಒಂದು ಹಣ್ಣು ತಿನ್ನುವಂಥ ಚಿಕ್ಕ ಕೆಲಸಗಳು. ಅದನ್ನು ದಿನಾ ಒಂದೇ ಸಂದರ್ಭದಲ್ಲಿ, 12 ವಾರ ಮಾಡಬೇಕಿತ್ತು. ಎಷ್ಟು ತಾನಾಗಿ ಆಗುತ್ತಿದೆ ಎಂದು ದಿನಾ ಬರೆದಿಡಬೇಕಿತ್ತು. ಇನ್ನು ಜಾಸ್ತಿ ಏರುವುದಿಲ್ಲ ಎನ್ನುವ ಮಟ್ಟದ ಹತ್ತಿರಕ್ಕೆ ಬರಲು ನಡುಮಧ್ಯದವರಿಗೆ ಹಿಡಿದದ್ದು 66 ದಿನ. ಆದರೆ ಒಬ್ಬರಿಗೆ 18 ದಿನಕ್ಕೇ ಆಯಿತು, ಇನ್ನೊಬ್ಬರಿಗೆ 254 ದಿನ. 12 ವಾರದ ಅಧ್ಯಯನದಲ್ಲಿ 254 ಎಲ್ಲಿಂದ ಬಂತು ಎಂದು ಕೇಳಬಹುದು. ಅವರ ಗ್ರಾಫಿನ ಗೆರೆಯನ್ನು ಮುಂದಕ್ಕೆ ಎಳೆದು ಅಂದಾಜು ಮಾಡಿದ ಸಂಖ್ಯೆ ಅದು. ಹಾಗಾಗಿ 66 ಅನ್ನೂ ಹೊಸ 21 ಮಾಡಿಕೊಳ್ಳಬೇಡಿ.

ನನಗೆ ದಿನಗಳ ಲೆಕ್ಕಕ್ಕಿಂತ ಹೆಚ್ಚು ಮುಖ್ಯ ಅನ್ನಿಸುವುದು ಅದೇ ಅಧ್ಯಯನದ ಬೇರೆ ಎರಡು ವಿಷಯ. ಒಂದು, ಗೆರೆ ಮೊದಮೊದಲು ಬೇಗ ಏರಿ ಆಮೇಲೆ ನಿಧಾನವಾಗುತ್ತದೆ. ಅಂದರೆ ಮೊದಲ ಕೆಲವು ವಾರಗಳ ಒಂದೊಂದು ದಿನಕ್ಕೂ ಬೆಲೆ ಜಾಸ್ತಿ. ಇನ್ನೊಂದು, ಮಧ್ಯೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ. ಮದುವೆ ಮನೆಗೆ ಹೋಗಿ ಒಂದು ದಿನ ತಪ್ಪಿತೆಂದು ‘ಎಲ್ಲಾ ಹಾಳಾಯ್ತು, ಮುಂದಿನ ತಿಂಗಳು ನೋಡೋಣ’ ಅನ್ನುತ್ತೇವಲ್ಲ, ಆ ಮಾತಿಗೆ ಆಧಾರವೇ ಇಲ್ಲ.

ಇನ್ನು ‘ಒಂದೇ ಸಂದರ್ಭ’ದ ವಿಷಯ. ಆಟೊಮ್ಯಾಟಿಸಿಟಿ ಬೆಳೆಯುವುದೇ ಸಂದರ್ಭಕ್ಕೂ ಕೆಲಸಕ್ಕೂ ಗಂಟು ಬಿದ್ದಾಗ. ‘ದಿನಾ ಸ್ವಲ್ಪ ನಡೀತೀನಿ’ ಅಂದರೆ ಗಂಟು ಹಾಕಲು ಏನೂ ಇಲ್ಲ. ‘ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಬೀದಿಯಲ್ಲಿ ಒಂದು ರೌಂಡ್’ ಅಂದರೆ ಇದೆ. ಗಡಿಯಾರದ ಹೊತ್ತಿಗಿಂತ ಇಂಥ ನಿತ್ಯದ ಘಟನೆ ಒಳ್ಳೆಯ ಆಯ್ಕೆ. ಏಳು ಗಂಟೆ ಆಗಿದ್ದು ಗೊತ್ತಾಗದೇ ಹೋಗಬಹುದು, ಮನೆ ಬಾಗಿಲಿಗೆ ಬಂದದ್ದು ಗೊತ್ತಾಗದೇ ಇರುತ್ತದಾ? ಬೆಳಗಿನ ಕೆಲಸಗಳು ಬೇಗ ಕೂಡಿಕೊಳ್ಳುತ್ತವೆ ಎನ್ನುವುದಕ್ಕೂ ಸ್ವಲ್ಪ ಪುರಾವೆ ಇದೆ. 2017ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ದಿನಾ ಒಂದು ಸ್ಟ್ರೆಚಿಂಗ್ ಮಾಡಿದರು. ಬೆಳಗ್ಗೆ ಮಾಡಿದವರಿಗೆ ಅದು ಸರಾಸರಿ 106 ದಿನಕ್ಕೆ ರೂಢಿಯಾಗುವ ಅಂದಾಜು ಸಿಕ್ಕಿತು, ಸಂಜೆಯವರಿಗೆ 154.

ಗಂಟು ಸಂದರ್ಭಕ್ಕೆ ಬಿದ್ದಿರುವುದರಿಂದಲೇ ಸಂದರ್ಭ ಹೋದರೆ ರೂಢಿಯೂ ಸಡಿಲವಾಗುತ್ತದೆ. ಅಮೆರಿಕದಲ್ಲಿ ವೆಂಡಿ ವುಡ್ ಮತ್ತು ಜೊತೆಗಾರರು ವಿಶ್ವವಿದ್ಯಾಲಯ ಬದಲಿಸಿದ ವಿದ್ಯಾರ್ಥಿಗಳನ್ನು ಗಮನಿಸಿ 2005ರಲ್ಲಿ ಇದನ್ನೇ ತೋರಿಸಿದರು. ಹೊಸ ಜಾಗದಲ್ಲೂ ಸುತ್ತಲಿನ ಸನ್ನಿವೇಶ ಹಳೆಯದರಂತೆಯೇ ಇದ್ದವರ ವ್ಯಾಯಾಮ, ಪೇಪರ್ ಓದುವ ರೂಢಿ ಉಳಿದವು. ಸನ್ನಿವೇಶ ಬದಲಾದವರು ಪ್ರತಿ ಸಲ ಯೋಚಿಸಿ ನಿರ್ಧರಿಸುವ ಸ್ಥಿತಿಗೆ ವಾಪಸ್ ಬಂದರು. ವರ್ಗಾವಣೆ ಆದ ಮೇಲೆ, ಮನೆ ಬದಲಿಸಿದ ಮೇಲೆ ಯೋಗ ನಿಂತುಹೋಯಿತು ಎನ್ನುವವರು ಸೋಮಾರಿಗಳಾದರು ಅಂತ ಅಲ್ಲ. ಮಹಡಿಯ ಆ ಮೂಲೆ, ಚಾಪೆ ಇಡುತ್ತಿದ್ದ ಆ ಗೋಡೆ ಅಲ್ಲೇ ಉಳಿದವು, ಅಷ್ಟೇ. ಹೊಸ ಮನೆಯಲ್ಲಿ ಸಾಮಾನು ಜೋಡಿಸುವ ಮೊದಲ ವಾರದಲ್ಲೇ ಚಾಪೆಗೊಂದು ಜಾಗ ಹುಡುಕಿಬಿಡುವುದು ಒಳ್ಳೆಯದು.