ನಾಯಿಯ ಮೊದಲ ಬೆದೆ: ರಕ್ತ ನಿಂತ ಮೇಲಿನ ದಿನಗಳು

ನಮ್ಮ ಚಿನ್ನಿಗೆ ಒಂಬತ್ತು ತಿಂಗಳು. ಇಂದು ಅವಳ ಮೊದಲ ಬೆದೆಯ 23ನೆಯ ದಿನ. ಓದಿ, ಪಶುವೈದ್ಯರನ್ನು ಕೇಳಿ, ಕಣ್ಣಾರೆ ನೋಡಿ ತಿಳಿದದ್ದನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಎಳೆಯ ಹೆಣ್ಣು ನಾಯಿಯನ್ನು ಸಾಕುತ್ತಿರುವವರಿಗೆ ನೆರವಾದೀತು.

ಯಾವಾಗ ಬರುತ್ತದೆ

ಸಣ್ಣ ತಳಿಗಳಿಗೆ ಆರು ತಿಂಗಳಿಗೇ ಬರಬಹುದು. ದೊಡ್ಡ ತಳಿಗಳಲ್ಲಿ ಒಂದೂವರೆ, ಎರಡು ವರ್ಷವಾದರೂ ಆಗಬಹುದು. ಯೋನಿಯ ಹೊರಭಾಗ ಊದಿಕೊಳ್ಳುತ್ತದೆ, ನಾಯಿ ಅಲ್ಲಿ ಮತ್ತೆ ಮತ್ತೆ ನೆಕ್ಕಿಕೊಳ್ಳುತ್ತದೆ, ಆಮೇಲೆ ಹಾಸಿಗೆಯ ಮೇಲೆ ರಕ್ತದ ಹನಿ ಕಾಣುತ್ತದೆ. ಆ ಮೊದಲ ಹನಿ ಕಂಡ ದಿನವನ್ನು ಒಂದನೆಯ ದಿನವೆಂದು ಬರೆದಿಟ್ಟುಕೊಳ್ಳಿ. ಮೊದಲ ಬೆದೆಯಲ್ಲಿ ಸ್ರಾವ ಬಹಳ ಕಡಿಮೆ ಇರುವುದುಂಟು. ನಾಯಿಯೇ ನೆಕ್ಕಿ ಶುಚಿಮಾಡಿಕೊಂಡರೆ ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ನಾನು ಎಡವಿದ ಜಾಗ

ಇದನ್ನು ನಿಧಾನವಾಗಿ ಬಿಡಿಸುತ್ತೇನೆ. ನಾಯಿಯ ರಕ್ತಸ್ರಾವವನ್ನು ನಾನು ಹೆಂಗಸರ ಮುಟ್ಟಿನಂತೆಯೇ ಎಂದುಕೊಂಡಿದ್ದೆ. ಎರಡೂ ಬೇರೆ, ಕ್ರಮವೇ ತಿರುವುಮುರುವು. ಹೆಂಗಸರಲ್ಲಿ ಅಂಡ ಬಿಡುಗಡೆಯಾಗಿ ಗರ್ಭ ನಿಲ್ಲದಿದ್ದಾಗ ಗರ್ಭಕೋಶದ ಒಳಪದರ ಕಳಚಿ ರಕ್ತ ಬರುತ್ತದೆ. ಅಲ್ಲಿ ರಕ್ತವೆಂದರೆ ಒಂದು ಸುತ್ತು ಮುಗಿದ ಗುರುತು. ನಾಯಿಯಲ್ಲಿ ಅಂಡ ಬಿಡುಗಡೆಯಾಗುವ ಮೊದಲೇ ರಕ್ತ ಬರುತ್ತದೆ. ಈಸ್ಟ್ರೋಜೆನ್ ಎಂಬ ಹಾರ್ಮೋನು ಏರಿದಂತೆ ಗರ್ಭಕೋಶದ ಒಳಪದರ ದಪ್ಪವಾಗಿ, ಅಲ್ಲಿನ ಸಣ್ಣ ರಕ್ತನಾಳಗಳು ತುಂಬಿ, ರಕ್ತ ಹೊರಗೆ ಜಿನುಗುತ್ತದೆ. ಇದು ಬರಲಿರುವುದರ ಸಿದ್ಧತೆ ಅಷ್ಟೆ.

ಈ ಮೊದಲ ಘಟ್ಟ ಸರಾಸರಿ ಒಂಬತ್ತು ದಿನ. ಗಂಡು ನಾಯಿಗಳು ಹಿಂದೆ ಬೀಳುತ್ತವೆ, ಇವಳು ಗುರ್ರೆಂದು ಅಟ್ಟುತ್ತಾಳೆ. ಆಮೇಲೆ ಈಸ್ಟ್ರೋಜೆನ್ ಇಳಿದು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಏರುತ್ತದೆ. ಸ್ರಾವದ ಬಣ್ಣ ತಿಳಿಯಾಗುತ್ತದೆ, ಊತ ಮೆತ್ತಗಾಗುತ್ತದೆ, ಅವಳು ಗಂಡಿಗೆ ಒಪ್ಪುವ ಘಟ್ಟ ಶುರುವಾಗುತ್ತದೆ. ಅದೂ ಸರಾಸರಿ ಒಂಬತ್ತು ದಿನ. ಆದರೆ ಸರಾಸರಿಯನ್ನು ನಂಬಿ ಕೂರುವಂತಿಲ್ಲ: ಕೆಲವು ನಾಯಿಗಳಲ್ಲಿ ಒಂದೊಂದು ಘಟ್ಟವೂ ಮೂರೇ ದಿನಕ್ಕೆ ಮುಗಿಯುತ್ತದೆ, ಇನ್ನು ಕೆಲವಕ್ಕೆ ಎರಡು ವಾರ ದಾಟುತ್ತದೆ.

ಹನ್ನೊಂದನೆಯ ದಿನ ಬೆಳಗ್ಗೆ ಬಿಳಿ ಹತ್ತಿಯಿಂದ ಒರೆಸಿದೆ. ಹಿಂದಿನ ದಿನದವರೆಗೆ ಕೆಂಪಾಗಿದ್ದದ್ದು ಅಂದು ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಮುಗಿಯಿತೆಂದು ಹಗ್ಗ ಕಟ್ಟದೆ ಬಾಗಿಲು ತೆರೆದೆ. ಗೇಟಿನಾಚೆ ಒಂದು ಗಂಡು ನಾಯಿ ಕಾದಿತ್ತು. ನಿನ್ನೆಯವರೆಗೆ ಅದನ್ನು ಕಂಡರೆ ಹಲ್ಲು ಕಿರಿಯುತ್ತಿದ್ದ ಚಿನ್ನಿ ಗೇಟಿಗೆ ಬೆನ್ನು ಕೊಟ್ಟು, ಬಾಲವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಅಲುಗಾಡದೆ ನಿಂತಳು. ಅವಳನ್ನು ಎತ್ತಿಕೊಂಡು ಒಳಗೆ ಬಂದೆ, ಕೈ ನಡುಗುತ್ತಿತ್ತು. ನಾನು ಮುಗಿಯಿತೆಂದುಕೊಂಡ ದಿನವೇ ಗರ್ಭ ಕಟ್ಟುವ ದಿನಗಳ ಆರಂಭ.

ಇನ್ನೆರಡು ಸಂಗತಿ ಸೇರಿಸಿಕೊಳ್ಳಿ. ನಾಯಿಯ ಅಂಡ ಬಿಡುಗಡೆಯಾದಾಗ ಇನ್ನೂ ಬಲಿತಿರುವುದಿಲ್ಲ, ಬಲಿಯಲು ಮತ್ತೆರಡು ಮೂರು ದಿನ ಬೇಕು. ಗಂಡಿನ ವೀರ್ಯಾಣುಗಳೋ ಅವಳ ದೇಹದೊಳಗೆ ಐದಾರು ದಿನ ಬದುಕಿರಬಲ್ಲವು. ಆದ್ದರಿಂದ ಮುಂಚಿತವಾಗಿ ಕೂಡಿದರೂ ಗರ್ಭ ನಿಲ್ಲಬಹುದು, ತಡವಾಗಿ ಕೂಡಿದರೂ ನಿಲ್ಲಬಹುದು. ಕೆಲವು ನಾಯಿಗಳಿಗೆ ಒಪ್ಪುವ ದಿನಗಳಲ್ಲೂ ಕೆಂಪು ಸ್ರಾವ ಇದ್ದೇ ಇರುವುದರಿಂದ ಬಣ್ಣವೊಂದನ್ನೇ ನೆಚ್ಚಿಕೊಳ್ಳಬೇಡಿ.

ನಾನೀಗ ದಿನವೂ ಮೂರನ್ನು ಬರೆಯುತ್ತೇನೆ: ಹತ್ತಿಯ ಬಣ್ಣ, ಊತ, ಬಾಲ. ಬಾಲದ ಬುಡದ ಹತ್ತಿರ ಮೆಲ್ಲಗೆ ಕೆರೆದಾಗ ಬಾಲ ಪಕ್ಕಕ್ಕೆ ಸರಿದರೆ ಅವಳು ಒಪ್ಪುವ ಘಟ್ಟದಲ್ಲಿದ್ದಾಳೆ ಎನ್ನಬಹುದು. ಆದರೆ ಸರಿಯದಿದ್ದರೆ ಇಲ್ಲವೆಂದು ತೀರ್ಮಾನಿಸಬಾರದು. ಒಂದನೆಯ ದಿನದಿಂದ ನಾಲ್ಕು ವಾರ ಹಗ್ಗವಿಲ್ಲದೆ ಹೊರಗಿಲ್ಲ. ಆಮೇಲೂ ಊತ ಪೂರ್ತಿ ಇಳಿದು, ಸ್ರಾವ ನಿಂತು, ಗಂಡು ನಾಯಿಗಳು ತಿರುಗಿ ನೋಡದಂತಾದ ಮೇಲೆಯೇ ಬಿಡುವುದು.

ದಿನನಿತ್ಯದ ಆರೈಕೆ

ಡೈಪರ್ ನೆಲ ಕೊಳೆಯಾಗದಿರಲು ಮಾತ್ರ, ಗಂಡನ್ನು ಅದು ತಡೆಯುವುದಿಲ್ಲ. ಆಗಾಗ ಬದಲಿಸಿ, ನಡುವೆ ಗಾಳಿಯಾಡಲು ಬಿಡಿ, ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ. ಸೋಪು ಬೇಡ. ಪದೇ ಪದೇ ಮೂತ್ರಕ್ಕೆ ಹೋಗುತ್ತಾಳೆ, ಮನೆಯೊಳಗೂ ಮಾಡಿಬಿಡಬಹುದು. ಕಲಿತದ್ದನ್ನು ಮರೆತಳೆಂದು ಗದರಬೇಡಿ, ಅದು ಬೆದೆಯದೇ ಲಕ್ಷಣ. ಆ ವಾಸನೆಗೆ ಗಂಡು ನಾಯಿಗಳು ದೂರದಿಂದಲೂ ಬರುತ್ತವೆ, ಆದ್ದರಿಂದ ಅಂಗಳದಲ್ಲೂ ಒಂಟಿಯಾಗಿ ಬಿಡಬೇಡಿ. ಮನೆಯಲ್ಲೇ ಅವಳ ಅಣ್ಣನೋ ಅಪ್ಪನೋ ಇದ್ದರೆ ಅವನನ್ನೂ ಬೇರೆ ಇಡಬೇಕು, ನಾಯಿಗಳು ನಂಟು ನೋಡುವುದಿಲ್ಲ.

ಅಕಸ್ಮಾತ್ ಕೂಡಿಕೊಂಡರೆ ಎಳೆದು ಬಿಡಿಸಬೇಡಿ. ಕೆಲವೊಮ್ಮೆ ಅರ್ಧ ಗಂಟೆಯವರೆಗೂ ಹಾಗೆಯೇ ಸಿಕ್ಕಿಕೊಂಡಿರುತ್ತವೆ, ಎಳೆದರೆ ಎರಡಕ್ಕೂ ಗಾಯ. ಬಿಡಿಸಿಕೊಂಡ ಮೇಲೆ ತಡಮಾಡದೆ ಪಶುವೈದ್ಯರನ್ನು ಕಾಣಿ.

ಮುಂದಿನ ಎರಡು ತಿಂಗಳು

ಗರ್ಭ ಕಟ್ಟಲಿ, ಬಿಡಲಿ, ಪ್ರೊಜೆಸ್ಟರಾನ್ ಸುಮಾರು ಎರಡು ತಿಂಗಳು ಹೆಚ್ಚೇ ಇರುತ್ತದೆ. ಅದು ಇಳಿಯತೊಡಗಿದಾಗ ಕೆಲವು ನಾಯಿಗಳು ಆಟಿಕೆಯನ್ನು ಮರಿಯಂತೆ ಹೊತ್ತು ತಿರುಗುತ್ತವೆ, ಮೊಲೆಯಲ್ಲಿ ಹಾಲೂ ಬರುತ್ತದೆ. ಹಿಂಡಬೇಡಿ, ಹಿಂಡಿದರೆ ಇನ್ನಷ್ಟು ಬರುತ್ತದೆ. ಹೆಚ್ಚಾಗಿ ತಾನಾಗಿಯೇ ಇಳಿಯುತ್ತದೆ.

ಭಯಪಡಬೇಕಾದದ್ದು ಗರ್ಭಕೋಶದಲ್ಲಿ ಕೀವು ತುಂಬುವುದು. ಎಳೆಯ ನಾಯಿಗಳಲ್ಲಿ ಅಪರೂಪ, ಆದರೂ ಆಗಬಹುದು. ವಿಪರೀತ ನೀರು ಕುಡಿಯುವುದು, ಊಟ ಬಿಡುವುದು, ಮಂಕು, ವಾಂತಿ, ದುರ್ವಾಸನೆಯ ಸ್ರಾವ ಕಂಡರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಕೀವು ಒಳಗೇ ಉಳಿದರೆ ಸ್ರಾವ ಕಾಣದೆಯೂ ಇರಬಹುದು.

ಒಂದು ಸಲ ಮರಿ ಹಾಕಿಸಿದರೆ ಆರೋಗ್ಯಕ್ಕೆ ಒಳ್ಳೆಯದೆಂಬ ಮಾತನ್ನು ಕೇಳಬೇಡಿ. ಅಂಥ ಲಾಭವೇನೂ ಇಲ್ಲ, ಮೊದಲ ಬೆದೆಯ ಹೊತ್ತಿಗೆ ಅವಳ ಮೈಯೇ ಇನ್ನೂ ಬೆಳೆಯುತ್ತಿರುತ್ತದೆ. ಬೆದೆಯ ವೇಳೆ ಆ ಭಾಗಕ್ಕೆ ರಕ್ತ ಹೆಚ್ಚು ಹರಿಯುವುದರಿಂದ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಎರಡು ಮೂರು ತಿಂಗಳು ಮುಂದಕ್ಕೆ ಹಾಕುತ್ತಾರೆ. ಚಿನ್ನಿಯದನ್ನೂ ಹಾಗೆಯೇ ಮುಂದೂಡಿದ್ದೇವೆ. ಇಂದು ಬೆಳಗ್ಗೆ ಹತ್ತಿ ಬಿಳಿಯಾಗಿಯೇ ಇತ್ತು, ಊತ ಮಾತ್ರ ಪೂರ್ತಿ ಇಳಿದಿಲ್ಲ; ಸಂಜೆಯ ತಿರುಗಾಟಕ್ಕೆ ಹಗ್ಗ ಕಟ್ಟಿಯೇ ಕರೆದೊಯ್ಯುತ್ತೇನೆ.