ಜಿಎಲ್‌ಎಂ ಬಿಂದುಗಳನ್ನು ಸಿಗಾಲ್‌ಗೆ ಕೊಡುವುದು ಹೇಗೆ?

ಪ್ರಶ್ನೆ: ಮುಳ್ಳೇರಿಯದ ಹತ್ತಿರ ಅಡಿಕೆ ತೋಟಗಳ ಗಡಿ ಅಳೆದು ನಕ್ಷೆ ಮಾಡುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಚಿತ್ರ ಬಿಡಿಸಲು ಜಿಎಲ್‌ಎಂ (GLM, ಗ್ರಾಫಿಕ್ಸ್ ಗಣಿತದ ಸಿ++ ಲೈಬ್ರರಿ) ಇದೆ. ವಿಸ್ತೀರ್ಣ ಲೆಕ್ಕಕ್ಕೆ, ಗಡಿ ಎಲ್ಲಿ ದಾಟುತ್ತದೆ ಎಂದು ನೋಡಲು ಸಿಗಾಲ್ (CGAL, ಜ್ಯಾಮಿತಿ ಲೆಕ್ಕದ ಸಿ++ ಲೈಬ್ರರಿ) ಬೇಕು. ಎಲ್ಲ ಕಡೆ ಸಿಗಾಲ್ ಬಿಂದುವನ್ನೇ ಬಳಸಬೇಕಾ?

ಉತ್ತರ: ಬೇಡ. ಜಿಎಲ್‌ಎಂನಿಂದ ಸಿಗಾಲ್‌ಗೆ ಹೋಗುವಾಗ ಒಂದು, ವಾಪಸ್ ಬರುವಾಗ ಒಂದು, ಹೀಗೆ ಬಿಂದು ಬದಲಿಸುವ ಎರಡು ಸಣ್ಣ ಫಂಕ್ಷನ್ ಬರೆದು ಒಂದೇ ಫೈಲಿನಲ್ಲಿಡಿ. ಕೆಲವು ಸಾವಿರ ಬಿಂದುಗಳ ನಕಲಿಗೆ ತಗಲುವ ಸಮಯ ನಿಮಗೆ ಗೊತ್ತೇ ಆಗುವುದಿಲ್ಲ.

ನಿಜವಾಗಿ ಗಮನ ಕೊಡಬೇಕಾದ್ದು ಸಂಖ್ಯೆಗಳ ಕಡೆಗೆ. ಜಿಎಲ್‌ಎಂನ ಸಾಮಾನ್ಯ ವೆಕ್ಟರ್ ಫ್ಲೋಟ್‌ನದ್ದು, ಅಂದರೆ ಸುಮಾರು ಏಳು ಅಂಕಿಗಳಷ್ಟೇ ಹಿಡಿಯುವ 32 ಬಿಟ್ ಸಂಖ್ಯೆಯದ್ದು. ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರ್‌ನಲ್ಲಿ ಗುರುತಿಸುವ ಪದ್ಧತಿ) ಲೆಕ್ಕದಲ್ಲಿ ನಿಮ್ಮ ಮುಳ್ಳೇರಿಯ ಇರುವ ಕಾಸರಗೋಡು ವಲಯ 43ರಲ್ಲಿದೆ. ಇಲ್ಲಿ ಪೂರ್ವದ ಅಂಕಿ 5,00,000 ಮೀಟರ್ ಆಸುಪಾಸು, ಉತ್ತರದ್ದು ಸುಮಾರು 13,82,000. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಫ್ಲೋಟ್ 12.5 ಸೆಂಟಿಮೀಟರ್‌ಗೊಂದರಂತೆ ಮಾತ್ರ ಹೆಜ್ಜೆ ಇಡುತ್ತದೆ. 13,82,417.30 ಎಂದು ಕೊಟ್ಟರೆ 13,82,417.25 ಆಗಿ ಉಳಿಯುತ್ತದೆ. ಗಡಿಕಲ್ಲು ಐದು ಸೆಂಟಿಮೀಟರ್ ಸರಿದ ಹಾಗೆ!

ವಿಸ್ತೀರ್ಣಕ್ಕೆ ಬಂದರೆ ಇನ್ನೂ ಕಷ್ಟ. ಅಲ್ಲಿ ಪೂರ್ವ, ಉತ್ತರದ ಅಂಕಿಗಳನ್ನು ಗುಣಿಸಬೇಕು. ಆ ಗುಣಲಬ್ಧದಲ್ಲಿ ಫ್ಲೋಟ್‌ನ ಒಂದು ಹೆಜ್ಜೆ 65,536 ಚದರ ಮೀಟರ್, ಅಂದರೆ 16 ಎಕರೆಗೂ ಜಾಸ್ತಿ. ಹತ್ತು ಸೆಂಟ್ಸ್ ಜಾಗದ ಲೆಕ್ಕ ಅದರಲ್ಲಿ ಸಿಗುತ್ತದಾ? ಫ್ಲೋಟ್ ಆಗಿ ಬಂದ ಬಿಂದುವನ್ನು ಸಿಗಾಲ್‌ನ ನಿಖರ ಕರ್ನಲ್ (ತಪ್ಪಿಲ್ಲದೆ ಲೆಕ್ಕ ಮಾಡುವ ಅದರ ಭಾಗ) ಕೂಡ ಸರಿಪಡಿಸಲಾರದು. ಮೊದಲೇ ಕಳೆದುಹೋದ ಅಂಕಿ ಅದಕ್ಕೆ ಎಲ್ಲಿಂದ ಬರಬೇಕು?

ಹಾಗಾಗಿ ಅಳತೆ ಬಂದ ಕ್ಷಣದಿಂದ ಸಿಗಾಲ್ ತಲುಪುವವರೆಗೆ ಡಬಲ್ (ಫ್ಲೋಟ್‌ಗಿಂತ ಹೆಚ್ಚು ಅಂಕಿ ಹಿಡಿಯುವ 64 ಬಿಟ್ ಸಂಖ್ಯೆ) ಆಗಿಯೇ ಇಡಿ. ತೋಟದ ಒಂದು ಮೂಲೆಯನ್ನು ಮೂಲಬಿಂದು ಮಾಡಿಕೊಂಡು, ಉಳಿದ ಬಿಂದುಗಳಿಂದ ಅದನ್ನು ಡಬಲ್‌ನಲ್ಲೇ ಕಳೆಯಿರಿ. ಆಮೇಲೆ ಚಿತ್ರಕ್ಕೆ ಫ್ಲೋಟ್ ಮಾಡಿದರೆ ಅಡ್ಡಿಯಿಲ್ಲ.

ಇನ್ನೊಂದು ವಿಷಯ. ಸಿಗಾಲ್‌ನಲ್ಲಿ ಬಿಂದು ಬೇರೆ, ವೆಕ್ಟರ್ ಬೇರೆ. ಜಿಎಲ್‌ಎಂನಲ್ಲಿ ಎರಡಕ್ಕೂ ಒಂದೇ ಟೈಪ್. ನಕ್ಷೆಯನ್ನು ಸರಿಸುವಾಗ ಬಿಂದು ಸರಿಯಬೇಕು, ದಿಕ್ಕು ಸರಿಯಬಾರದು. 4×4 ಮ್ಯಾಟ್ರಿಕ್ಸಿಗೆ ಕೊಡುವಾಗ ಬಿಂದುವಿನ ನಾಲ್ಕನೇ ಅಂಕಿ 1, ದಿಕ್ಕಿನದ್ದು 0.

ನಿಮಗೆ ಬೇಕಾದ್ದು ಸಮತಲದ ಇಷ್ಟೇ ಲೆಕ್ಕ ಅಂತಾದರೆ ಬೂಸ್ಟ್ ಜಿಯೊಮೆಟ್ರಿ ಎಂಬ ಸಿ++ ಲೈಬ್ರರಿಯನ್ನೂ ನೋಡಿ. ಜಿಎಲ್‌ಎಂನ ಡಬಲ್ ವೆಕ್ಟರನ್ನು ಅಲ್ಲಿ ಒಂದು ಸಾಲಿನ ಮ್ಯಾಕ್ರೋದಲ್ಲಿ ನೋಂದಾಯಿಸಿದರೆ ಸಾಕು, ಅದನ್ನೇ ತನ್ನ ಬಿಂದು ಎಂದು ತೆಗೆದುಕೊಳ್ಳುತ್ತದೆ. ಪರಿವರ್ತನೆಯ ಫಂಕ್ಷನ್ನೇ ಬೇಡ.